ನೂರಾ ನಲವತ್ತು ಮೀಟರು

ಹೊಂಗನೂರಿನ ಕೆಂಪರಾಜು ಬರೆದ ಅರ್ಜಿ ವಾಪಸು ಬಂದದ್ದಿಲ್ಲ ಎಂದು ಊರು ನಂಬಿತ್ತು. ಊರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ. ಬಿಡದಿಯಲ್ಲಿ ಕಾರ್ಖಾನೆಗಳು ಏಳತೊಡಗಿದ ಮೇಲಂತೂ ಅವನಿಗೆ ಪುರುಸೊತ್ತೇ ಇರಲಿಲ್ಲ. ಗೇಟಿನೊಳಗೆ ಕಸ ಗುಡಿಸಬೇಕೆಂದರೂ ಜಾತಿ, ಆದಾಯ, ವಾಸಸ್ಥಳ ಅಂತ ಮೂರು ಸರ್ಟಿಫಿಕೇಟು ಕೇಳುತ್ತಿದ್ದ ಕಾಲ. ನೀವು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಆಸಾಮಿ ಅವನು.

ಅವನದೊಂದು ಸಿದ್ಧಾಂತವಿತ್ತು. ಮೇಜಿನ ಆಚೆ ಕೂತವರ ಮುಂದೆ ಗಟ್ಟಿಮುಟ್ಟಾಗಿ ನಿಂತವನಿಗೆ ಏನೂ ಸಿಗುವುದಿಲ್ಲ; ಅಳುವ ಮಗುವಿಗೇ ಹಾಲು. ಕಾಲು ತುಸು ಕುಂಟುತ್ತಿದ್ದ ಅಂಕಯ್ಯನಿಗೆ ವೈದ್ಯರ ಮಂಡಳಿಯ ಮುಂದೆ ಆ ಕಾಲನ್ನು ಎಳೆದುಕೊಂಡು ಹೋಗುವುದನ್ನು ಹೇಳಿಕೊಟ್ಟವನು ಇವನೇ. ಅಂಕಯ್ಯ ಪಿಂಚಣಿ ಬರೆಸಿಕೊಂಡು, ಕೋಲನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಓಡಿದ್ದ. ಮಾರಕ್ಕನಿಗೆ ವಯಸ್ಸು ಸಾಲದೆ ಬಂದಾಗ, ಏನು ಕೇಳಿದರೂ ಮೂರು ಸಲ ‘ಆ?’ ಅನ್ನು ಎಂದು ಕಲಿಸಿ ವೃದ್ಧಾಪ್ಯದ ಪಟ್ಟಿಗೆ ಸೇರಿಸಿದ್ದ. ಇದೆಲ್ಲ ಮೋಸವೆಂದು ಅವನಿಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಇದ್ದ ಕಷ್ಟವನ್ನು ಅವರ ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡಿ ತೋರಿಸುತ್ತಿದ್ದೇನೆ, ಅಷ್ಟೆ, ಅಂದುಕೊಳ್ಳುತ್ತಿದ್ದ.

ಇಂಥ ಕೆಂಪರಾಜುವಿನ ಒಡಹುಟ್ಟಿದ ಅಣ್ಣ ಮರಿಯಪ್ಪ ಉಸಿರಾಡಲಾಗದೆ ಸಾಯುತ್ತಿದ್ದ.

ಮರಿಯಪ್ಪ ರೇಷ್ಮೆ ಹುಳು ಸಾಕಿ ಬಾಳಿದವನು. ಚಳಿಗಾಲದಲ್ಲಿ ಹುಳುಮನೆಯ ಬಾಗಿಲು ಕಿಟಕಿ ಮುಚ್ಚಿ, ಇದ್ದಿಲ ಕೆಂಡ ಇಟ್ಟು, ಹುಳುವಿನ ಜೊತೆ ತಾನೂ ಒಳಗೇ ಮಲಗುತ್ತಿದ್ದ. ಹೊಗೆಸೊಪ್ಪಿನ ಗಾಳಿ ಹುಳುವಿಗೆ ವಿಷ, ಆದ್ದರಿಂದ ಬೀಡಿ ಸೇದಬೇಕಾದಾಗ ಮಾತ್ರ ಎದ್ದು ಹೊರಗೆ ಬರುತ್ತಿದ್ದ. ದಿನಕ್ಕೆ ಎರಡು ಕಟ್ಟು, ಮೂವತ್ತೈದು ವರ್ಷ. ಹುಳುವಿನ ಮೇಲಿದ್ದ ಕಾಳಜಿಯಲ್ಲಿ ಕಾಲುಭಾಗ ತನ್ನ ಎದೆಗೂಡಿನ ಮೇಲಿದ್ದಿದ್ದರೆ ಈ ಕತೆ ಹೇಳುವ ಅಗತ್ಯವೇ ಬರುತ್ತಿರಲಿಲ್ಲ. ಐವತ್ತೆಂಟಕ್ಕೆಲ್ಲ ಪಂಚೆ ಉಟ್ಟುಕೊಳ್ಳುವುದರೊಳಗೆ ಎರಡು ಸಲ ಕೂರುವ ಹಾಗಾದ. ಸೊಪ್ಪು ಕೊಯ್ಯುವುದು, ಹುಳುವಿಗೆ ಹಾಕುವುದು, ಗೂಡು ಬಿಡಿಸುವುದು ಎಲ್ಲ ಹೆಂಡತಿ ಶಿವಲಿಂಗಮ್ಮನ ಹೆಗಲಿಗೆ ಬಿತ್ತು.

ಎರಡು ಸಾವಿರದ ಆರರ ಶಿವರಾತ್ರಿಗೆ ಮುಂಚೆ ಬಿಡದಿ ಕೈಗಾರಿಕಾ ಪ್ರದೇಶದ ಬದಿಯ ಶಾಲೆಯಲ್ಲಿ ಯಾವುದೋ ಟ್ರಸ್ಟಿನವರು ಎದೆರೋಗದ ಶಿಬಿರ ಮಾಡಿದರು. ಕೆಂಪರಾಜು ಅಣ್ಣನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದ. ಎದೆಯ ಫೋಟೋ ತೆಗೆದು ನೋಡಿದ ಡಾಕ್ಟರ್ ಶಿವಕುಮಾರ್, ಇದು ಎಂಫಿಸೆಮಾ, ಔಷಧಿಯ ಹಂತ ದಾಟಿದೆ, ಆದರೆ ಒಂದು ಆಪರೇಷನ್ ಇದೆ ಅಂದರು. ಶ್ವಾಸಕೋಶದ ಮೇಲ್ಭಾಗ ಕೆಲಸಕ್ಕೆ ಬಾರದೆ ಊದಿಕೊಂಡು ಕೆಳಗಿನ ಒಳ್ಳೆಯ ಭಾಗವನ್ನು ಅದುಮಿ ಹಿಡಿದಿದೆ, ಆ ಕೆಟ್ಟದ್ದನ್ನು ಕತ್ತರಿಸಿ ತೆಗೆದರೆ ಉಳಿದದ್ದು ಹಿಗ್ಗುತ್ತದೆ ಎಂದು ವಿವರಿಸಿದರು.

“ಗೊತ್ತಾಯ್ತು ಬುಡಿ ಸಾ,” ಅಂದ ಮರಿಯಪ್ಪ. “ತಟ್ಟೇಲಿ ರೋಗದ ಹುಳ ಎತ್ತಿ ಬಿಸಾಕುದ್ರೆ ಮಿಕ್ಕಿದ್ವುಕ್ಕೆ ಜಾಗ ಆಯ್ತದೆ. ಅಂಗೇ ಅಲ್ವಾ?”

ಡಾಕ್ಟರು ನಕ್ಕು, ಹಾಗೇ ಅಂದರು. ಅವರಿದ್ದ ಬೆಂಗಳೂರಿನ ಆಸ್ಪತ್ರೆಯಲ್ಲಿ ಟ್ರಸ್ಟಿನ ವತಿಯಿಂದ ಹನ್ನೆರಡು ಜನರಿಗೆ ಮಾತ್ರ ಪುಕ್ಕಟೆಯಾಗಿ ಮಾಡುತ್ತಾರಂತೆ. ಬೀಡಿ ಬಿಟ್ಟು ಆರು ತಿಂಗಳಾಗಿರಬೇಕು, ರಕ್ತದಲ್ಲಿ ಗೊತ್ತಾಗುತ್ತದೆ. ಆಮೇಲೆ ಪರೀಕ್ಷೆಗಳು. ಶಿಬಿರದಲ್ಲಿ ಹೆಸರು ಬರೆಸಿದವರು ನಲವತ್ತು ಜನ. ನಲವತ್ತರಲ್ಲಿ ಹನ್ನೆರಡು ಎಂಬ ಲೆಕ್ಕ ಅವತ್ತೇ ಕೆಂಪರಾಜುವಿನ ತಲೆಯಲ್ಲಿ ಕೂತಿತು.

ಮರಿಯಪ್ಪ ಶಿವರಾತ್ರಿಯ ದಿನ ಬೀಡಿ ಕಟ್ಟನ್ನು ಬೆಂಕಿಪೊಟ್ಟಣದ ಸಮೇತ ತಿಪ್ಪೆಗೆ ಎಸೆದ. ಮೊದಲ ತಿಂಗಳು ಅವನ ಪಾಡು ನೋಡಲಾಗುತ್ತಿರಲಿಲ್ಲ. ಊಟದ ತಟ್ಟೆ ಸರಿಸುತ್ತಿದ್ದ, ಹೆಂಡತಿಯ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದ. ತಡೆಯಲಾರದಾದಾಗ ಹಿಪ್ಪುನೇರಳೆ ಕಡ್ಡಿಯೊಂದನ್ನು ತುಟಿಯ ಮಧ್ಯೆ ಇಟ್ಟುಕೊಂಡು ಜಗಲಿಯ ಮೇಲೆ ಕೂರುತ್ತಿದ್ದ. ಆದರೂ ಒಂದೇ ಒಂದು ಬೀಡಿ ಮುಟ್ಟಲಿಲ್ಲ. ಆ ಮನುಷ್ಯ ಬದುಕಬೇಕೆಂದು ಎಷ್ಟು ಆಸೆಪಟ್ಟಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಬೆಂಗಳೂರಿಗೆ ಬರಲು ಕಾಗದ ಬಂತು. ಆರು ನಿಮಿಷ ನಡೆಸಿ ನೋಡುವ ಪರೀಕ್ಷೆಯೂ ಇರುತ್ತದೆ ಎಂದು ಅದರಲ್ಲಿತ್ತು. ಹೊರಡುವ ಹಿಂದಿನ ದಿನ ಕೆಂಪರಾಜು ಅಣ್ಣನನ್ನು ಹೊಲದ ಹಾದಿಯಲ್ಲಿ ನಡೆಸಿ ನೋಡಿದ. ಮನೆಯಿಂದ ಹಾಲಿನ ಡೈರಿಯವರೆಗೆ ಒಂದೇ ಸಲ ನಿಂತು, ಆರು ನಿಮಿಷದೊಳಗೆ ಮರಿಯಪ್ಪ ಹೋಗಿ ಮುಟ್ಟಿದ. ನೂರಾ ಎಂಬತ್ತು ಮೀಟರಿಗೆ ಕಮ್ಮಿಯಿಲ್ಲ. ಬೀಡಿ ಬಿಟ್ಟದ್ದು ಕೈಹಿಡಿದಿತ್ತು. ಡೈರಿಯ ಕಟ್ಟೆಯ ಮೇಲೆ ಕೂತು ಏದುಸಿರಿನಲ್ಲೇ ನಕ್ಕ. ಕೆಂಪರಾಜುವಿಗೆ ಮಾತ್ರ ನಗು ಬರಲಿಲ್ಲ.

“ಅಣ್ಣ, ಅಲ್ಲಿ ಇಂಗೆ ನಡುದ್ಬುಟ್ಟೀಯ ಮತ್ತೆ,” ಅಂದ.

“ಯಾಕ್ಲಾ?”

“ನಲವತ್ತು ಜನ ಅವ್ರೆ, ಮಾಡೋದು ಹನ್ನೆರಡು ಜನುಕ್ಕೆ. ನೀನು ಡೈರಿಗಂಟ ದಾಪುಗಾಲು ಹಾಕುದ್ರೆ, ಇವ್ನಿಗೇನಾಗೈತೆ ದಾಡಿ ಅಂತ ವಾಪಸ್ ಕಳುಸ್ತಾರೆ. ಒಸಿ ನಡಿ, ಆಮೇಲೆ ಕೂತ್ಕೊ. ಎಬ್ಬುಸುದ್ರೂ ಏಳ್ಬ್ಯಾಡ.”

ಮರಿಯಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. “ಡಾಕುಟ್ರ ತಾವ, ಲಾಯ್ರು ತಾವ ಸುಳ್ಳು ಹೇಳ್ಬಾರ್ದು ಅಂತಾರೆ ಕಣ್ಲಾ.”

“ಸುಳ್ಳೆಲ್ಲಿ ಹೇಳ್ತೀಯ? ಬಾಯೇ ಬುಡ್ಬ್ಯಾಡ. ಸುಮ್ಕೆ ಕೂತ್ಕೊಳೋದು ಅಷ್ಟೆ. ಇದುನ್ನ ಅತ್ಗೆಗೆ ಹೇಳ್ಬ್ಯಾಡ. ಅವ್ಳ ಮುಖ ನೋಡುದ್ರೆ ಎಲ್ಲಾ ಗೊತ್ತಾಗೋಯ್ತದೆ.”

ಅಂಕಯ್ಯನ ಪಿಂಚಣಿ, ಮಾರಕ್ಕನ ಪಿಂಚಣಿ ಎರಡನ್ನೂ ಕಣ್ಣಾರೆ ಕಂಡಿದ್ದ ಮರಿಯಪ್ಪ ತಲೆಯಾಡಿಸಿದ. ತಮ್ಮ ಲೋಕ ಕಂಡವನು, ತಾನು ಹುಳುಮನೆ ಬಿಟ್ಟು ಆಚೆ ಹೋಗದವನು ಅಂತ ಅವನ ಎಣಿಕೆ.

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಮೂವತ್ತು ಮೀಟರಿನ ಉದ್ದನೆ ಕಾರಿಡಾರು. ಎರಡು ತುದಿಗೂ ಒಂದೊಂದು ಕುರ್ಚಿ, ಮಧ್ಯದಲ್ಲಿ ಜೊತೆ ಬಂದವರಿಗೆ ಬೆಂಚು. ಸುಮನಾ ಎಂಬ ಹುಡುಗಿ ಮರಿಯಪ್ಪನ ಬೆರಳಿಗೊಂದು ಕ್ಲಿಪ್ಪು ಸಿಕ್ಕಿಸಿ, ಕೈಯಲ್ಲಿ ಗಡಿಯಾರ ಹಿಡಿದಳು.

“ಈ ತುದಿಯಿಂದ ಆ ತುದಿ, ಮತ್ತೆ ವಾಪಸ್. ನಿಮ್ಮ ಕೈಲಿ ಎಷ್ಟಾಗುತ್ತೋ ಅಷ್ಟೂ ನಡೀಬೇಕು ಅಂಕಲ್. ಸುಸ್ತಾದ್ರೆ ನಿಲ್ಲಿ, ಆದ್ರೆ ಆದಷ್ಟು ಬೇಗ ಮತ್ತೆ ಶುರು ಮಾಡಿ,” ಅಂದಳು.

ಮರಿಯಪ್ಪ ಹೋದ, ಬಂದ, ಮತ್ತೆ ಹೋದ. ಮೂರನೆಯ ಸಲ ಆ ತುದಿ ಮುಟ್ಟಿದವನು ಅಲ್ಲಿದ್ದ ಕುರ್ಚಿಯಲ್ಲಿ ಕುಸಿದು, ಎದೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದ. ಬೆಂಚಿನ ಮೇಲಿದ್ದ ಶಿವಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ಮನೆದೇವರನ್ನು ಕರೆದಳು. ಕೆಂಪರಾಜು ಮನಸ್ಸಿನಲ್ಲೇ ಭಲೇ ಅಂದ. ಅಂಕಯ್ಯನೂ ಇಷ್ಟು ಚೆನ್ನಾಗಿ ಮಾಡಿರಲಿಲ್ಲ.

“ಅಂಕಲ್, ಇನ್ನೂ ಮೂರೂವರೆ ನಿಮಿಷ ಇದೆ. ಆಗುತ್ತಾ ನೋಡಿ,” ಅಂದಳು ಸುಮನಾ. ಮರಿಯಪ್ಪ ಕಣ್ಣು ತೆರೆಯದೆ ಕೈಯಾಡಿಸಿದ. ಅವಳು ಮತ್ತೊಮ್ಮೆ ಕೇಳಿದಳು. ಮತ್ತೆ ಕೈಯಾಡಿಸಿದ. ಆರು ನಿಮಿಷ ಮುಗಿದ ಮೇಲೆ ಅವಳು ಹಾಳೆಯಲ್ಲಿ ತೊಂಬತ್ತು ಎಂದು ಬರೆದಳು.

ಮಧ್ಯಾಹ್ನ ಡಾಕ್ಟರ್ ಶಿವಕುಮಾರ್ ಮೂವರನ್ನೂ ಒಳಗೆ ಕರೆದರು. ಸ್ಕ್ಯಾನಿಂಗ್ ನೋಡಿ ತಮಗೆ ಬಹಳ ಖುಷಿಯಾಯಿತು ಅಂದರು. ಕೆಟ್ಟಿರುವುದೆಲ್ಲ ಮೇಲ್ಭಾಗದಲ್ಲೇ ಇದೆ, ಕತ್ತರಿಸಲು ಹೇಳಿಮಾಡಿಸಿದ ಹಾಗಿದೆ. ರಕ್ತದಲ್ಲಿ ಹೊಗೆಸೊಪ್ಪಿನ ಸುಳಿವೂ ಇಲ್ಲ. ಬರುವ ಸೋಮವಾರವೇ ಮಾಡಿಬಿಡಬಹುದಿತ್ತು.

“ಆದರೆ ನಡಿಗೆ ಸಾಲದು,” ಅಂದರು. “ಆರು ನಿಮಿಷಕ್ಕೆ ನೂರಾ ನಲವತ್ತು ಮೀಟರಾದರೂ ನಡೆಯೋ ತಾಕತ್ತು ಇರಬೇಕು. ಅಷ್ಟೂ ಇಲ್ಲದವರ ಎದೆ ತೆರೆದರೆ ಮತ್ತೆ ಏಳೋದು ಕಷ್ಟ. ತೊಂಬತ್ತಕ್ಕೆ ನಾನು ಇವರನ್ನ ಟೇಬಲ್ ಮೇಲೆ ಹಾಕೋದಿಲ್ಲ.”

ಗಟ್ಟಿ ಇದ್ದವನಿಗೆ ಕೊಡುವ ಕಚೇರಿಯನ್ನು ಕೆಂಪರಾಜು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಣ್ಣನ ಕಡೆ ನೋಡಿದ. ಅಣ್ಣ ಆಗಲೇ ಇವನನ್ನು ನೋಡುತ್ತಿದ್ದ, ಬಾಯಿ ಅರ್ಧ ತೆರೆದಿತ್ತು. ಹೇಳಲಾ ಎಂದು ಕಣ್ಣಿನಲ್ಲೇ ಕೇಳುತ್ತಿದ್ದ.

ಹೇಳಿದ್ದರೆ ಏನಾಗುತ್ತಿತ್ತು? ಡಾಕ್ಟರು ಬೈಯುತ್ತಿದ್ದರು. ಬೈದು, ಊಟವಾದ ಮೇಲೆ ಇನ್ನೊಂದು ಸಲ ನಡೆಸುತ್ತಿದ್ದರು, ಅಷ್ಟೆ ತಾನೆ. ಆದರೆ ಕೆಂಪರಾಜುವಿಗೆ ಗೊತ್ತಿದ್ದ ಕಾನೂನೇ ಬೇರೆ. ತಪ್ಪು ಮಾಹಿತಿ ಕೊಟ್ಟೆನೆಂದು ಒಪ್ಪಿಕೊಂಡವನ ಫೈಲು ಅಲ್ಲಿಗೆ ಮುಕ್ತಾಯ, ಹೆಸರಿಗೆ ಕೆಂಪು ಗೆರೆ. ಬಾಯಿ ಬಿಟ್ಟರೆ ಬಣ್ಣಗೇಡು. ಅವನು ಅಣ್ಣನಿಗೆ ಕಂಡೂ ಕಾಣದ ಹಾಗೆ ತಲೆಯಲ್ಲಾಡಿಸಿದ. ಮರಿಯಪ್ಪ ಬಾಯಿ ಮುಚ್ಚಿಕೊಂಡ.

“ಏನಾದ್ರೂ ಹೇಳೋದಿತ್ತಾ?” ಎಂದು ಡಾಕ್ಟರೇ ಕೇಳಿದರು.

“ಏನಿಲ್ಲ ಸಾರ್,” ಅಂದ ಕೆಂಪರಾಜು.

ಎಂಟು ವಾರ ಉಸಿರಿನ ವ್ಯಾಯಾಮ, ದಿನಾ ನಡಿಗೆ, ಆಮೇಲೆ ಮತ್ತೊಮ್ಮೆ ಪರೀಕ್ಷೆ ಎಂದು ಡಾಕ್ಟರು ಬರೆದುಕೊಟ್ಟರು. ನೂರಾ ನಲವತ್ತು ದಾಟಿದರೆ ಮಾರನೆಯ ದಿನವೇ ದಾಖಲು. ಮೆಟ್ಟಿಲಿಳಿಯುವಾಗ ಕೆಂಪರಾಜು ಅಣ್ಣನ ಕಿವಿಯಲ್ಲಿ, ಎರಡು ತಿಂಗಳು ಏನ್ ಮಹಾ ಅಂದ. ಡೈರಿಗೆ ಈಗಲೇ ಹೋಗಿ ಬರುವ ಮನುಷ್ಯನಿಗೆ ಅದೊಂದು ಪರೀಕ್ಷೆಯೇ?

ಪರೀಕ್ಷೆಯೇ ಆಗಿರಲಿಲ್ಲ ಎಂಬುದೂ ನಿಜ. ಮರಿಯಪ್ಪ ದಿನಾ ಬೆಳಿಗ್ಗೆ ತುಟಿ ಚೂಪು ಮಾಡಿ ಉಸಿರು ಬಿಟ್ಟು, ಸಂಜೆ ಡೈರಿಯವರೆಗೆ ನಡೆದು, ಐದನೆಯ ವಾರಕ್ಕೆಲ್ಲ ಡೈರಿ ದಾಟಿ ಅರಳಿಮರದ ತನಕ ಹೋಗುತ್ತಿದ್ದ. ಶಿವಲಿಂಗಮ್ಮ ಹಾಲಿಗೆ ಬಂದ ಹೆಂಗಸರಿಗೆಲ್ಲ, ನಮ್ಮನೆಯವರು ತೊಂಬತ್ತರಲ್ಲಿದ್ದೋರು ಇನ್ನೂರಕ್ಕೆ ಬಂದವ್ರೆ ಎಂದು ಹೇಳಿಕೊಂಡು ತಿರುಗಿದಳು. ಅದನ್ನು ಕೇಳಿದಾಗಲೆಲ್ಲ ಕೆಂಪರಾಜುವಿಗೆ ಎಲ್ಲೋ ಚುಚ್ಚುತ್ತಿತ್ತು. ಆದರೂ ಎಲ್ಲ ಸರಿಹೋಗುವ ಹೊತ್ತಿನಲ್ಲಿ ಯಾಕೆ ಬಾಯಿ ಬಿಡಬೇಕು ಅಂದುಕೊಂಡ.

ದೀಪಾವಳಿ ಮುಗಿದ ವಾರ ಮೋಡ ಕವಿದು ಶೀತಗಾಳಿ ಬೀಸಿತು. ಮರಿಯಪ್ಪನಿಗೆ ನೆಗಡಿಯಾಯಿತು. ಎಲ್ಲರಿಗೂ ಆಗುವ ನೆಗಡಿಯೇ. ಎಲ್ಲರಿಗೂ ಮೂರು ದಿನದಲ್ಲಿ ಹೋಯಿತು, ಇವನಿಗೆ ಎದೆಗಿಳಿಯಿತು. ತುಟಿ ನೀಲಿಗಟ್ಟಿದ ಮೇಲೆ ಚನ್ನಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಹನ್ನೊಂದು ದಿನ ಮೂಗಿಗೆ ಆಮ್ಲಜನಕದ ಕೊಳವೆ. ಮನೆಗೆ ವಾಪಸು ಬಂದಾಗ ತೊಡೆಯಲ್ಲಿ ಮಾಂಸವಿರಲಿಲ್ಲ. ಜಗಲಿಯಿಂದ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದ.

ಕೆಂಪರಾಜು ಬೆಂಗಳೂರಿಗೆ ಫೋನು ಮಾಡಿ, ಒಂದೆರಡು ತಿಂಗಳು ಮುಂದಕ್ಕೆ ಹಾಕಿ ಎಂದು ಬೇಡಿದ. ಹನ್ನೊಂದು ಜನರಿಗೆ ಆಗಿಹೋಗಿದೆ, ಉಳಿದಿರುವುದು ಒಂದೇ ಜಾಗ, ಟ್ರಸ್ಟಿನ ಗಡುವು ನವೆಂಬರ್ ಕೊನೆಗೆ ಮುಗಿಯುತ್ತದೆ, ಅಷ್ಟರೊಳಗೆ ಬನ್ನಿ ಅಂದರು. ಆ ಹನ್ನೊಂದರಲ್ಲಿ ಶಿಬಿರದಲ್ಲಿ ಇವರ ಪಕ್ಕ ಕೂತಿದ್ದ ತಿಪ್ಪಸಂದ್ರದ ಮುನಿರಾಮಯ್ಯನೂ ಇದ್ದ. ಅವನು ಈಗ ರಾಗಿ ಹೊಲಕ್ಕೆ ನಡೆದು ಹೋಗುತ್ತಾನಂತೆ. ಕೆಂಪರಾಜು ಆ ಸುದ್ದಿಯನ್ನು ಅಣ್ಣನಿಗೆ ಹೇಳಲಿಲ್ಲ.

ಗಡುವಿಗೆ ಮೂರು ದಿನ ಇರುವಾಗ ಹೋದರು. ಡಾಕ್ಟರು ಮರಿಯಪ್ಪನನ್ನು ನೋಡಿ ಹುಬ್ಬು ಗಂಟಿಕ್ಕಿದರು. ಇವತ್ತು ನಡೆಸುವುದು ಬೇಡವೇನೋ ಅಂದರು. ಮರಿಯಪ್ಪನೇ ಬಿಡಲಿಲ್ಲ.

“ನಡೀತೀನಿ ಸಾ. ಅರಳಿಮರುದ್ಗಂಟ ನಡ್ದಿವ್ನಿ,” ಅಂದ.

ಅದೇ ಕಾರಿಡಾರು, ಅದೇ ಸುಮನಾ, ಅದೇ ಗಡಿಯಾರ. ಬೆರಳಿಗೆ ಕ್ಲಿಪ್ಪು ಹಾಕಿಸಿಕೊಂಡು ಮರಿಯಪ್ಪ ಹೊರಟ. ಮೊದಲ ಮೂವತ್ತು ಮೀಟರನ್ನು ಎದೆ ಎತ್ತಿ ನಡೆದ. ವಾಪಸು ಬರುವಾಗ ಕೈ ಗೋಡೆಯ ಕಂಬಿಯ ಮೇಲಿತ್ತು. ಮೂರನೆಯ ಸಲ ಎರಡು ಕಡೆ ನಿಂತ. ಕತ್ತಿನ ನರ ಹಗ್ಗದ ಹಾಗೆ ಎದ್ದು ಬೀಳುತ್ತಿತ್ತು. ಆ ತುದಿಯ ಕುರ್ಚಿ ಬಂತು. ಅದರ ಕಡೆ ಕಣ್ಣೆತ್ತಿಯೂ ನೋಡದೆ ತಿರುಗಿಕೊಂಡ. ಕೆಂಪರಾಜು ಬೆಂಚಿನ ತುದಿಗೆ ಸರಿದು, ತಾನೇ ನಡೆಯುತ್ತಿರುವವನ ಹಾಗೆ ಉಸಿರು ಬಿಗಿಹಿಡಿದು ಎಣಿಸುತ್ತಿದ್ದ. ತೊಂಬತ್ತೈದು, ನೂರು. ಬೆಂಚಿನ ಹತ್ತಿರ ಬರುತ್ತಿದ್ದ ಹಾಗೆ ಮರಿಯಪ್ಪನ ಕೈ ಕಂಬಿಯಿಂದ ಜಾರಿತು. ಗೋಡೆಗೆ ಬೆನ್ನು ಕೊಟ್ಟು ನಿಧಾನಕ್ಕೆ ನೆಲಕ್ಕೆ ಕೂತ.

ಕೆಂಪರಾಜು ಓಡಿದ. ಅತ್ತಿಗೆ ಕೇಳಿಸಿಕೊಳ್ಳುತ್ತಾಳೆಂಬ ಜ್ಞಾನವೇ ಅವನಿಗಿರಲಿಲ್ಲ.

“ಅಣ್ಣೋ, ಏಳು. ಇವತ್ತು ಕೂರ್ಬಾರ್ದು ಕಣಣ್ಣ. ಅವತ್ತು ಕೂತಂಗೆ ಇವತ್ತು ಕೂರ್ಬ್ಯಾಡ. ಅವತ್ತು ನಾನೇ ಹೇಳಿದ್ದೆ ನಿಜ, ಇವತ್ತು ನಡೀಬೇಕು. ಇನ್ನೇನು, ಮೂವತ್ತಾರೇ ಮೀಟ್ರು. ಏಳಣ್ಣ, ನಿನ್ ಕಾಲಿಗೆ ಬೀಳ್ತೀನಿ.”

ಶಿವಲಿಂಗಮ್ಮ ಗಂಡನ ಪಕ್ಕಕ್ಕೆ ಬಂದು ಕೂತಿದ್ದಳು. ಅವಳ ಕೈ ಅವನ ಬೆನ್ನು ನೀವುತ್ತಿದ್ದದ್ದು ನಿಂತಿತು.

“ಅವತ್ತು ಕೂತಂಗೆ ಅಂದ್ರೆ?” ಅಂದಳು.

ಅವಳು ಗಂಡನ ಕಡೆ ತಿರುಗಿದಳು. “ಅವತ್ತು ನಿಮ್ ಕೈಲಿ ನಡೆಯಕ್ಕೆ ಆಯ್ತಿತ್ತಾ?”

ಮರಿಯಪ್ಪನಿಗೆ ಒಂದು ಮಾತಿಗೆ ಒಂದು ಉಸಿರು ಬೇಕಾಗಿತ್ತು. “ಆಯ್ತಿತ್ತು,” ಅಂದ. ಉಸಿರೆಳೆದುಕೊಂಡ. “ಡೈರಿಗಂಟ.”

“ಸೋಮವಾರವೇ ಮಾಡ್ಬೋದಿತ್ತು ಅಂದ್ರಲ್ಲ ಡಾಕುಟ್ರು. ಅವತ್ತೇ ಹೇಳ್ಬಾರ್ದಿತ್ತಾ?”

ಮರಿಯಪ್ಪ ತಮ್ಮನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಕೆಂಪರಾಜು ಹೇಗೋ ತಡೆದುಕೊಳ್ಳುತ್ತಿದ್ದ. ಈಗಲಾದರೂ ಹೇಳಬಹುದೇನೋ ಎಂದು ಅಪ್ಪಣೆ ಕೇಳುವ ಹಾಗಿತ್ತು ಅದು. ಶಿವಲಿಂಗಮ್ಮನಿಗೆ ಅಷ್ಟು ಸಾಕಾಯಿತು. ಅವಳು ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

“ಊರೋರ್ಗೆಲ್ಲ ಏನೇನೋ ಬರ್ಸಿಕೊಟ್ಟಿದ್ದೀಯ ಕೆಂಪ್ರಾಜು,” ಅಂದಳು. “ಇದ್ನೂ ಬರ್ಸಿಕೊಡು. ಇನ್ನು ಮೂವತ್ತಾರು ಮೀಟ್ರು.”

ನಾಚಿಕೆಗೆಟ್ಟ ಕೆಂಪರಾಜು ಅದನ್ನೂ ಮಾಡಿದ. ಬೇರೆ ವಿದ್ಯೆ ಅವನಿಗೆ ಬರುತ್ತಿದ್ದರೆ ತಾನೆ. ಎದ್ದು ಹೋಗಿ ಸುಮನಾಳ ಮುಂದೆ ಕೈಮುಗಿದು ನಿಂತ. “ಮೇಡಂ, ನೂರಾ ನಲವತ್ತು ಅಂತ ಬರ್ಕೊಬುಡಿ. ನಡೆಯೋ ಮನುಷ್ಯನೇ ಇವ್ನು. ನಾನೇ ತಪ್ಪು ಮಾಡಿದ್ದು. ಒಂದು ಸಂಖ್ಯೆ ತಾನೆ ಮೇಡಂ, ಯಾರ್ಗೂ ಗೊತ್ತಾಗಲ್ಲ.”

ಸುಮನಾ ಅವನನ್ನು ಬೈಯಲಿಲ್ಲ. ಗಡಿಯಾರದಿಂದ ಕಣ್ಣು ತೆಗೆದು ನೆಲದ ಮೇಲಿದ್ದ ಮರಿಯಪ್ಪನನ್ನು ನೋಡಿದಳು.

“ಬರ್ಕೊಬಹುದು ಅಣ್ಣ,” ಅಂದಳು. “ಆದ್ರೆ ಟೇಬಲ್ ಮೇಲೆ ಮಲಗೋರು ಇವರೇ ಅಲ್ವಾ?”

ಗಡಿಯಾರ ಕಿಣಿಗುಟ್ಟಿತು. ಅವಳು ನೂರಾ ನಾಲ್ಕು ಎಂದು ಬರೆದು, ಕೆಳಗೆ ರುಜು ಹಾಕಿ, ಡಾಕ್ಟರ ಕೋಣೆಗೆ ಹೋದಳು. ಕೆಂಪರಾಜು ಹಿಂದಕ್ಕೆ ಬಂದು ಅಣ್ಣನ ರಟ್ಟೆಗೆ ಕೈಹಾಕಿದ.

“ನೀನು ಬ್ಯಾಡ ಕಣಪ್ಪ,” ಅಂದಳು ಶಿವಲಿಂಗಮ್ಮ. “ನಾವು ನಿಧಾನುಕ್ಕೆ ಬತ್ತೀವಿ. ನೀನು ಮುಂದೆ ಹೋಗು.”

ಅವನು ಮುಂದೆ ಹೋದ. ಕಾರಿಡಾರಿನ ತುದಿಗೆ ಇಪ್ಪತ್ತು ಚಿಲ್ಲರೆ ಹೆಜ್ಜೆ. ಎಲ್ಲೂ ನಿಲ್ಲಬೇಕಾಗಲಿಲ್ಲ, ಕಂಬಿ ಹಿಡಿಯಬೇಕಾಗಲಿಲ್ಲ. ಹಾಳಾದ್ದು, ಅವನ ಉಸಿರು ಸಲೀಸಾಗಿ ಬಂದು ಹೋಗುತ್ತಿತ್ತು.